ಪುಸ್ತಕ ತರ್ಲಿಕ್ಕೆ ಬೆಂಗ್ಳೂರಿಗೆ: ಮಂಗ್ಳೂರು-ಉಡುಪಿಯವ್ರಿಗೆ ಎರಡು ರಾತ್ರಿ ಬಸ್ಸು, ಒಂದು ಹಗಲಿನ ರೂಟು

ಮಂಗ್ಳೂರಿನ ಬಿಜೈ ಬಸ್‌ಸ್ಟ್ಯಾಂಡಲ್ಲಿ ರಾತ್ರಿ ಬಸ್ ಹತ್ತುದು, ಬೆಳಿಗ್ಗೆ ಮೆಜೆಸ್ಟಿಕ್ಕಲ್ಲಿ ಇಳಿಯುದು, ಇಡೀ ದಿನ ಪುಸ್ತಕದಂಗಡಿ ಸುತ್ತುದು, ಅದೇ ರಾತ್ರಿ ಪುನಃ ಬಸ್ ಹತ್ತಿ ಬರುದು. ರೂಮಿಲ್ಲ, ನೆಂಟರ ಮನೆ ಇಲ್ಲ, ಊಟಕ್ಕೆ ಬನ್ನಿ ಅಂತ ಎಳಿಯುವವ್ರೂ ಇಲ್ಲ. ವರ್ಷಕ್ಕೊಂದು ಸಲ ನಾನು ಹೀಗೆ ಹೋಗ್ತೇನೆ, ಮೊದಲೆರಡು ಸಲ ಪೂರಾ ಒಟ್ರಾಶಿ ಆಗಿತ್ತು, ಬೆಳಿಗ್ಗೆ ಹನ್ನೊಂದಕ್ಕೇ ಚರ್ಚ್ ಸ್ಟ್ರೀಟಿಗೆ ನುಗ್ಗಿ ಬ್ಯಾಗ್ ತುಂಬಿಸಿ ಆಮೇಲೆ ಆ ಭಾರ ಹೊತ್ಕೊಂಡು ಎಲ್ಲಿಗೂ ಹೋಗ್ಲಿಕ್ಕಾಗದೆ ಮೆಟ್ರೋ ಸ್ಟೇಷನ್ ಮೆಟ್ಟಿಲಲ್ಲಿ ಕೂತದ್ದುಂಟು. ಈಗ ಒಂದು ಕ್ರಮ ಸಿಕ್ಕಿದೆ. ಅದನ್ನೇ ಹೇಳ್ತೇನೆ.

ಮಂಗ್ಳೂರಲ್ಲಿ ಪುಸ್ತಕ ಸಿಗುದಿಲ್ವಾ ಮಾರಾಯ್ರೆ ಅಂತ ಕೇಳ್ಬಹುದು. ಸಿಗ್ತದೆ. ನವಕರ್ನಾಟಕ ಉಂಟು, ಸಪ್ನ ಉಂಟು. ಆದ್ರೆ ಅತ್ರಿ ಬುಕ್ ಸೆಂಟರ್ ನೋಡಿದವ್ರಿಗೆ ಗೊತ್ತು ಎಂತ ಕಮ್ಮಿ ಅಂತ. ಜಿ.ಎನ್. ಅಶೋಕವರ್ಧನರು 1975ರಿಂದ 2012ರ ತನಕ ನಡೆಸಿದ ಅಂಗಡಿ ಅದು, ಅದು ಬಾಗ್ಲು ಹಾಕಿದ ಮೇಲೆ, ಏನು ಬೇಕು ಅಂತ ಗೊತ್ತಿಲ್ಲದೆ ಒಳಗೆ ಹೋಗಿ ಏನೋ ಒಂದು ಹಿಡ್ಕೊಂಡು ಹೊರಗೆ ಬರುವ ಚಟ ತೀರಿಸ್ಲಿಕ್ಕೆ ನಂಗೆ ಬೆಂಗ್ಳೂರೇ ಗತಿ ಆಯ್ತು.

ಮೊದಲ ಕೆಲಸ: ಲಿಸ್ಟು, ಮತ್ತೆ ಆ ಲಿಸ್ಟಿಂದ ಹೊಡೆದು ಹಾಕುದು

ಬೇಕಾದ ಪುಸ್ತಕ ಎಲ್ಲ ಒಂದು ಕಾಗದದಲ್ಲಿ ಬರೀರಿ. ಮೊಬೈಲಲ್ಲಿ ಬೇಡ, ಸಂಜೆ ಹೊತ್ತಿಗೆ ಚಾರ್ಜ್ ಇರುದಿಲ್ಲ. ಆಮೇಲೆ ಊರಲ್ಲೇ ಸಿಗುವಂಥದ್ದೆಲ್ಲ ಹೊಡೆದು ಹಾಕಿ. ಇದಕ್ಕೆ ಅರ್ಧ ಗಂಟೆ ಕೊಟ್ಟು ಹಂಪನಕಟ್ಟೆ, ಬಲ್ಮಠ ಕಡೆಯ ಅಂಗಡಿಗಳಿಗೆ ಒಂದೊಂದು ಫೋನ್ ಮಾಡಿದ್ರೆ ಸಾಕು. ಉಡುಪಿಯವ್ರು ಉಡುಪಿ, ಮಣಿಪಾಲದ ಅಂಗಡಿಗಳಲ್ಲಿ ಕೇಳಿ. ಹೊಸ ಕಾದಂಬರಿ, ಈ ವರ್ಷ ಪ್ರಶಸ್ತಿ ಬಂದದ್ದು, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಇದನ್ನೆಲ್ಲ ಶಿರಾಡಿ ಘಾಟಿ ಇಳಿಸಿ ತರುವ ಅಗತ್ಯ ಇಲ್ಲ. ಪ್ರಕಾಶಕರೇ ಈಗ ವಾಟ್ಸಾಪಲ್ಲಿ ಆರ್ಡರ್ ತಗೊಂಡು ಕಳಿಸ್ತಾರೆ.

ಕೊನೆಗೆ ಲಿಸ್ಟಲ್ಲಿ ಉಳಿಯುದು ಮೂರು ಜಾತಿ: ಪ್ರಿಂಟ್ ಇಲ್ಲದ್ದು, ಸರ್ಕಾರಿ ಮತ್ತೆ ಸಾಹಿತ್ಯ ಪರಿಷತ್ತಿನ ಪ್ರಕಟಣೆ, ಸೆಕೆಂಡ್ ಹ್ಯಾಂಡ್ ಇಂಗ್ಲಿಷು. ಬೆಂಗ್ಳೂರಿಗೆ ಹೋಗುದು ಇದಕ್ಕೆ. ಲಿಸ್ಟಲ್ಲಿ ಹತ್ತಕ್ಕಿಂತ ಜಾಸ್ತಿ ಹೆಸರು ಇಟ್ಕೊಳ್ಬೇಡಿ, ಲಿಸ್ಟಲ್ಲಿ ಇಲ್ಲದ್ದೇ ಹತ್ತು ಬರ್ತದೆ ಹೇಗೂ.

ದಿನ ಯಾವುದು, ತಿಂಗಳು ಯಾವುದು

ಶನಿವಾರ ಒಳ್ಳೇದು, ಅದ್ರಲ್ಲೂ ತಿಂಗಳ ಮೊದಲ್ನೇದು ಅಥವಾ ಮೂರನೇದು. ಯಾಕಂದ್ರೆ ಎರಡನೇ ಮತ್ತೆ ನಾಲ್ಕನೇ ಶನಿವಾರ ಸರ್ಕಾರಿ ಆಫೀಸಿಗೆ ರಜೆ, ಭಾನುವಾರ ಹೇಗೂ ರಜೆ, ಆ ದಿನ ಹೋದ್ರೆ ಸರ್ಕಾರಿ ಪುಸ್ತಕದ ಮಳಿಗೆ ಬೀಗ ನೋಡಿ ಬರ್ಬೇಕಷ್ಟೆ. ಶುಕ್ರವಾರ ಬೇಡ, ಅದಕ್ಕೆ ಕಾರಣ ದೋಸೆ, ಮುಂದೆ ಹೇಳ್ತೇನೆ.

ತಿಂಗಳು ನವೆಂಬರಿಂದ ಫೆಬ್ರವರಿ ಒಳಗೆ. ನವೆಂಬರ್ ರಾಜ್ಯೋತ್ಸವದ ತಿಂಗಳು, ಸರ್ಕಾರಿ ಪ್ರಕಟಣೆಗೆ ದೊಡ್ಡ ರಿಯಾಯಿತಿ ಕೊಡುವ ಹೊತ್ತು. ಜೂನ್ ಜುಲೈ ಮಾತ್ರ ಬೇಡವೇ ಬೇಡ. ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಬಸ್ ಎಲ್ಲಿಂದೆಲ್ಲಿಗೋ ಸುತ್ತಿ ಬರ್ತದೆ, ಅದು ಒಂದು. ಇನ್ನೊಂದು ನಂದೇ ಕತೆ: ಒಂದು ಜುಲೈಯಲ್ಲಿ ಬರುವಾಗ ಪುಸ್ತಕದ ರಟ್ಟಿನ ಬಾಕ್ಸನ್ನ ಬಸ್ಸಿನ ಡಿಕ್ಕಿಗೆ ಹಾಕಿದ್ದೆ, ಬೆಳಿಗ್ಗೆ ಇಳ್ದು ನೋಡಿದ್ರೆ ಡಿಕ್ಕಿಯೊಳಗೆ ನೀರು, ಬಾಕ್ಸಿನ ಅಡಿಯ ಸಾಲು ಪೂರಾ ಇಡ್ಲಿ ತರ ಉಬ್ಬಿ ಕೂತಿತ್ತು. ಕಂಡಕ್ಟರ್ ಹತ್ರ ಹೇಳಿದ್ರೆ ಮಳೆಗಾಲ ಅಲ್ವಾ ಸರ್ ಅಂದ. ಹೌದು, ಮಳೆಗಾಲ. ಅಂದಿನಿಂದ ಪುಸ್ತಕ ನನ್ನ ಕಾಲಿನ ಹತ್ರವೇ.

ಹೋಗುವ ದಾರಿಯ ಬಗ್ಗೆ ಜಾಸ್ತಿ ಹೇಳ್ಬೇಕಾದ್ದಿಲ್ಲ. ಮಂಗ್ಳೂರಿಂದ ಸಾಧಾರಣ 350 ಕಿಲೋಮೀಟರ್, ಉಡುಪಿಯಿಂದ 400 ಲೆಕ್ಕ ಹಾಕಿ. ಕುಂದಾಪುರ-ಉಡುಪಿ ಕಡೆಯವ್ರಿಗೆ ಪಂಚಗಂಗಾ ರೈಲು ಕೂಡ ಉಂಟು, ಟಿಕೆಟ್ ಸಿಕ್ಕಿದ್ರೆ ಅದೇ ಆರಾಮ.

ಬ್ಯಾಗು

ಟ್ರೆಕಿಂಗಿಗೆ ತಗೊಂಡು ಹೋಗುವಂಥ ದೊಡ್ಡ ಬೆನ್ನುಚೀಲ ಒಂದು, ಅದ್ರೊಳಗೆ ಮಡಚಿದ ಬಟ್ಟೆ ಚೀಲ ಎರಡು, ಒಂದು ದಪ್ಪ ಪ್ಲಾಸ್ಟಿಕ್ ಶೀಟು. ಗಾಲಿ ಇರುವ ಸೂಟ್‌ಕೇಸ್ ತರ್ಬೇಡಿ, ಪುಸ್ತಕದಂಗಡಿಯ ಕಪಾಟಿನ ಸಂದಿಯಲ್ಲಿ ಅದು ನಿಮ್ಮನ್ನೂ ಬಿಡುದಿಲ್ಲ, ಹಿಂದೆ ಬರುವವ್ರನ್ನೂ ಬಿಡುದಿಲ್ಲ.

ಭಾರದ ಲೆಕ್ಕ ಹೀಗೆ: ಡೆಮಿ ಸೈಜಿನ 200 ಪುಟದ ಕನ್ನಡ ಪುಸ್ತಕ ಸಾಧಾರಣ ಕಾಲು ಕಿಲೋ. 20 ಪುಸ್ತಕ ಅಂದ್ರೆ 5 ಕಿಲೋ. ಅದೇ ಗಟ್ಟಿ ರಟ್ಟಿನ 400-500 ಪುಟದ್ದು ಒಂದೊಂದೂ ಅರ್ಧ ಕಿಲೋ ದಾಟ್ತದೆ. ಬೆನ್ನಿಗೆ 8 ಕಿಲೋ ದಾಟಿದ ಮೇಲೆ ಪುಸ್ತಕ ನೋಡುವ ಉಮೇದು ಇರುದಿಲ್ಲ, ಎಲ್ಲಿ ಕೂತ್ಕೊಳ್ಳುದು ಅಂತ ಮಾತ್ರ ಕಣ್ಣು ಹುಡುಕ್ತದೆ. ಹಾಗಾಗಿ ಇಡೀ ರೂಟಿನ ಗುಟ್ಟು ಇಷ್ಟೇ, ಸಣ್ಣ ಕಟ್ಟು ಬೆಳಿಗ್ಗೆ, ದೊಡ್ಡ ಕಟ್ಟು ಸಂಜೆ.

ಬೆಳಿಗ್ಗೆ: ಬಸವನಗುಡಿ

ಬಸ್ಸು ಐದೂವರೆ ಆರಕ್ಕೆ ಮೆಜೆಸ್ಟಿಕ್ ಮುಟ್ಟಿಸ್ತದೆ, ಪುಸ್ತಕದಂಗಡಿ ತೆರೆಯುದು ಹತ್ತರ ಮೇಲೆ. ಈ ನಾಲ್ಕು ಗಂಟೆಯೇ ದೊಡ್ಡ ಮಂಡೆಬಿಸಿ. ಮೆಜೆಸ್ಟಿಕ್ಕಲ್ಲೇ ಮುಖ ತೊಳ್ಕೊಂಡು ಮೆಟ್ರೋದ ಗ್ರೀನ್ ಲೈನ್ ಹತ್ತಿ, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಆಗಿ ಮೂರನೇ ಸ್ಟೇಷನ್ ನ್ಯಾಷನಲ್ ಕಾಲೇಜು, ಅಲ್ಲಿ ಇಳೀರಿ. ಅಲ್ಲಿಂದ ಗಾಂಧಿಬಜಾರಿಗೆ ನಡ್ಕೊಂಡು ಹೋಗ್ಬಹುದು. ಭಾನುವಾರ ಮೆಟ್ರೋ ಲೇಟಾಗಿ ಶುರು, ಶನಿವಾರ ಹೇಳ್ಲಿಕ್ಕೆ ಅದೂ ಒಂದು ಕಾರಣ.

ಗಾಂಧಿಬಜಾರಲ್ಲಿ ವಿದ್ಯಾರ್ಥಿ ಭವನ, 1943ರದ್ದು, ಬೆಳಿಗ್ಗೆ ಆರೂವರೆಗೇ ದೋಸೆ ಶುರು, ಶುಕ್ರವಾರ ರಜೆ. ದೋಸೆ ತಿನ್ಲಿಕ್ಕೆ ಬೆಂಗ್ಳೂರಿಗೆ ಹೋಗ್ಬೇಕಾ, ಅದೂ ನಮ್ಮ ಕಡೆಯವ್ರದ್ದೇ ಹೋಟೆಲಲ್ಲಿ, ಅಂತ ನನ್ನ ಹೆಂಡ್ತಿ ಪ್ರತಿ ಸಲ ಕೇಳ್ತಾಳೆ. ಹೋಗ್ಬೇಕು ಅಂತ ನಾನು ಪ್ರತಿ ಸಲ ಹೇಳ್ತೇನೆ. ತಿಂದಾದ್ಮೇಲೆ ಬ್ಯೂಗಲ್ ರಾಕ್ ಪಾರ್ಕಲ್ಲಿ ಕೂತು ಲಿಸ್ಟನ್ನ ಇನ್ನೊಂದು ಸಲ ನೋಡಿ, ಕೂತಲ್ಲೇ ಒಂದು ತೂಕಡಿಕೆ ಬಂದ್ರೂ ನಷ್ಟ ಇಲ್ಲ, ರಾತ್ರಿ ಘಾಟಿಯ ತಿರುವಲ್ಲಿ ಯಾರಿಗೆ ನಿದ್ದೆ ಬಂದಿರ್ತದೆ.

ಹತ್ತರ ಮೇಲೆ ಗಾಂಧಿಬಜಾರ್ ಮೇನ್ ರೋಡಲ್ಲೇ ಇರುವ ಅಂಕಿತ ಪುಸ್ತಕ. ಸಣ್ಣ ಅಂಗಡಿ, ಆದ್ರೆ ಕನ್ನಡದ ಇವತ್ತಿನ ಪುಸ್ತಕ ಯಾವುದೆಲ್ಲ ಬಂದಿದೆ ಅಂತ ಒಂದೇ ನೋಟದಲ್ಲಿ ಗೊತ್ತಾಗುದು ಅಲ್ಲೇ. ಅವ್ರೇ ಪ್ರಕಾಶಕರೂ ಹೌದು, ಬೇರೆ ಪ್ರಕಾಶನದ್ದೂ ಇಡ್ತಾರೆ. ಇಲ್ಲಿ ಮಾಡ್ಬೇಕಾದ್ದು ಜಾಸ್ತಿ ಕೇಳುದು, ಕಮ್ಮಿ ಕೊಳ್ಳುದು. ಲಿಸ್ಟ್ ತೋರಿಸಿ, ಯಾವುದು ಪ್ರಿಂಟಲ್ಲಿ ಉಂಟು, ಯಾವುದು ಇಲ್ಲ, ಯಾವುದು ಮರುಮುದ್ರಣ ಆಗ್ತಾ ಉಂಟು, ಈ ಮಾಹಿತಿ ಅಂಗಡಿಯವ್ರ ಬಾಯಲ್ಲಿ ಇರ್ತದೆ, ಗೂಗಲಲ್ಲಿ ಇರುದಿಲ್ಲ. ಪ್ರಿಂಟಲ್ಲಿ ಇದ್ದದ್ದನ್ನ ಊರಿಗೇ ಕಳಿಸ್ಲಿಕ್ಕಾಗ್ತದಾ ಅಂತ ಕೇಳಿ. ಪ್ರಿಂಟಲ್ಲಿ ಇಲ್ಲ ಅಂತ ಗೊತ್ತಾದ್ದಕ್ಕೆ ಗೆರೆ ಎಳೆದು ಇಡಿ, ಮಧ್ಯಾಹ್ನ ಹುಡುಕುದು ಅದನ್ನೇ.

ಚಾಮರಾಜಪೇಟೆ, ಜೆ.ಸಿ. ರೋಡ್

ಗಾಂಧಿಬಜಾರಿಂದ ಆಟೋ ಹಿಡಿದ್ರೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು. 1915ರ ಸಂಸ್ಥೆ, ಸಮ್ಮೇಳನದ ಗಲಾಟೆಯಲ್ಲಿ ಮಾತ್ರ ನಮ್ಗೆ ಅದ್ರ ನೆನಪಾಗುದು, ಆದ್ರೆ ಒಳಗೆ ಪುಸ್ತಕ ಮಾರಾಟವೂ ಉಂಟು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಳೆಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ ಇಂಥದ್ದಕ್ಕೆ ಇಲ್ಲಿ ಕೇಳ್ಬೇಕು. ಅವ್ರ ಕನ್ನಡ ನಿಘಂಟು 8 ಸಂಪುಟ. ಆಸೆ ಆಗ್ತದೆ. ಎತ್ತಿ ನೋಡಿ, ಕೆಳಗಿಡಿ. ಬೇಕೇ ಬೇಕಾದ್ರೆ ಪಾರ್ಸೆಲ್ ಮಾಡಿ, ಹೊತ್ಕೊಂಡು ಉಳಿದ ಅಂಗಡಿಗೆ ಹೋಗುವ ಐಡಿಯಾ ಮಾತ್ರ ಬಿಡಿ.

ಆಮೇಲೆ ಜೆ.ಸಿ. ರೋಡಲ್ಲಿ ರವೀಂದ್ರ ಕಲಾಕ್ಷೇತ್ರದ ಹತ್ರ ಕನ್ನಡ ಭವನ. ಕನ್ನಡ ಪುಸ್ತಕ ಪ್ರಾಧಿಕಾರದ ಮಳಿಗೆ ಇರುದು ಅಲ್ಲಿ. ಸರ್ಕಾರದ ಕಡೆಯಿಂದ ಬಂದ ಸಮಗ್ರ ಸಾಹಿತ್ಯ ಸಂಪುಟಗಳು, ಅಕಾಡೆಮಿಗಳ ಪ್ರಕಟಣೆ, ಜನಪದ, ಯಕ್ಷಗಾನ, ಇಂಥದ್ದಕ್ಕೆ ಪುಟಗಟ್ಲೆ ದಪ್ಪ ಇದ್ರೂ ರೇಟು ನೋಡಿದ್ರೆ ಪ್ರಿಂಟಿಂಗ್ ಮಿಸ್ಟೇಕಾ ಅಂತ ಅನ್ನಿಸ್ತದೆ, ಅಷ್ಟು ಕಮ್ಮಿ. ಆದ್ರೆ ಡಿಸ್‌ಪ್ಲೇ ನಂಬ್ಬೇಡಿ. ಕ್ಯಾಟಲಾಗ್ ಕೇಳಿ, ಹೆಸರು ಹೇಳಿ, ಇಲ್ಲ ಅಂದ್ರೆ ಗೋಡೌನಲ್ಲಿ ಉಂಟಾ ಅಂತ ಇನ್ನೊಂದು ಸಲ ಕೇಳಿ. ಮೊದಲ ಸಲದ 'ಇಲ್ಲ' ಎಷ್ಟೋ ಸಲ 'ಈಗ ಏಳ್ಲಿಕ್ಕೆ ಇಲ್ಲ' ಅಂತ ಅರ್ಥ.

ಕೇಂದ್ರ ಸಾಹಿತ್ಯ ಅಕಾಡೆಮಿಯದ್ದು ಸೆಂಟ್ರಲ್ ಕಾಲೇಜ್ ಕ್ಯಾಂಪಸ್ಸಲ್ಲಿ ಉಂಟು, ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಅನುವಾದ ಓದುವವ್ರಿಗೆ ಅದು ಚಿನ್ನದ ಗಣಿ, ಮೆಟ್ರೋದ ಪರ್ಪಲ್ ಲೈನಲ್ಲಿ ಮೆಜೆಸ್ಟಿಕ್ ಆದ ಕೂಡ್ಲೇ ಬರುವ ಸ್ಟೇಷನ್ನು. ಟೈಮಿದ್ರೆ ಇಳೀರಿ. ನಂಗೆ ಎಂದೂ ಟೈಮ್ ಸಾಲುದಿಲ್ಲ.

ಕಾಲೇಜು ಮಕ್ಕಳ ಟೆಕ್ಸ್ಟ್ ಬುಕ್ ಬೇಕಾದವ್ರು ಚಿಕ್ಕಪೇಟೆ ಸ್ಟೇಷನಲ್ಲಿ ಇಳ್ದು ಅವೆನ್ಯೂ ರೋಡಿಗೆ ಹೋಗ್ಬೇಕು. ಇಂಜಿನಿಯರಿಂಗ್, ಪಿಯುಸಿ, ಹಳೇದು ಹೊಸದು ಎಲ್ಲ. ಅಲ್ಲಿ ಚೌಕಾಸಿ ಮಾಡ್ಲೇಬೇಕು, ಮತ್ತೆ ಎಡಿಷನ್ ವರ್ಷ ನೋಡದೆ ದುಡ್ಡು ಕೊಡ್ಬೇಡಿ. ಸಾಹಿತ್ಯ ಹುಡುಕ್ತಾ ಅಲ್ಲಿ ಅರ್ಧ ದಿನ ಕಳೆದದ್ದಕ್ಕೆ ನಂಗೆ ಸಿಕ್ಕಿದ್ದು ಧೂಳು ಮತ್ತೆ ಸೀನು.

ಮಧ್ಯಾಹ್ನದಿಂದ ಸಂಜೆ ತನಕ: ಚರ್ಚ್ ಸ್ಟ್ರೀಟು

ಒಂದೂವರೆ ಎರಡಕ್ಕೆ ಎಂ.ಜಿ. ರೋಡ್ ಸ್ಟೇಷನಲ್ಲಿ ಇಳೀರಿ. ಜೆ.ಸಿ. ರೋಡಿಂದ ಆಟೋದಲ್ಲಿ ನೇರ ಹೋಗ್ಬೇಡಿ, ಟ್ರಾಫಿಕಲ್ಲಿ ಕೂತು ಬಚ್ಚಿ ಹೋಗ್ತದೆ, ಕೆ.ಆರ್. ಮಾರ್ಕೆಟಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಲ್ಲಿ ಪರ್ಪಲ್ ಲೈನಿಗೆ ಬದಲಾಯಿಸಿ. ಮೊದ್ಲು ಹೊಟ್ಟೆಗೆ: ಚರ್ಚ್ ಸ್ಟ್ರೀಟಲ್ಲೇ ಇಂಡಿಯನ್ ಕಾಫಿ ಹೌಸ್ ಉಂಟು, ಮುಂಚೆ ಎಂ.ಜಿ. ರೋಡಲ್ಲಿ ಇದ್ದದ್ದು, 2009ರಲ್ಲಿ ಇಲ್ಲಿಗೆ ಬಂತು.

ಈ ಒಂದೇ ಬೀದಿಯಲ್ಲಿ ಬ್ಲಾಸಮ್, ಬುಕ್‌ವರ್ಮ್, ಬುಕ್‌ಹೈವ್. ಬ್ಲಾಸಮ್ಮಿಗಂತೂ ಒಂದೇ ಬೀದಿಯಲ್ಲಿ ಎರಡು ಅಂಗಡಿ. ಬ್ಲಾಸಮ್ ಶುರು ಮಾಡಿದ ಮಾಯಿ ಗೌಡರು ಮೊದ್ಲು ಫುಟ್‌ಪಾತಲ್ಲಿ ಪುಸ್ತಕ ಮಾರಿದವ್ರು, ಬುಕ್‌ವರ್ಮಿನ ಕೃಷ್ಣ ಗೌಡರದ್ದೂ ಹಾಗೇ ಫುಟ್‌ಪಾತಿಂದ ಶುರುವಾದ ಕತೆ. ಒಳಗೆ ಹೋದ್ರೆ ಆ ಗುಣ ಇನ್ನೂ ಉಂಟು, ರಾಶಿ ರಾಶಿ, ನೆಲದಲ್ಲಿ, ಮೆಟ್ಟಿಲಲ್ಲಿ, ಕಪಾಟಿನ ತಲೆ ಮೇಲೆ.

ಹೊಸಬ್ರು ಮಾಡುವ ತಪ್ಪು ಎಂತ ಅಂದ್ರೆ ಬಾಗ್ಲ ಹತ್ರದ ಮೊದಲ ಕಪಾಟಲ್ಲೇ ಮುಳುಗುದು. ನಾನು ಹೀಗೆ ಮಾಡ್ತೇನೆ. ಮೊದ್ಲು ಯಾವುದನ್ನೂ ಮುಟ್ಟದೆ ಎಲ್ಲ ಮಾಳಿಗೆಗೂ ಒಂದು ರೌಂಡ್, ಕೈ ಹಿಂದೆ ಕಟ್ಕೊಂಡು, ಯಾವ ಸಬ್ಜೆಕ್ಟ್ ಎಲ್ಲಿ ಅಂತ ನೋಡ್ಲಿಕ್ಕೆ ಮಾತ್ರ. ಆಮೇಲೆ ಎರಡು ಸಬ್ಜೆಕ್ಟ್ ಆಯ್ಕೆ ಮಾಡಿ ಅಲ್ಲಿ ಮಾತ್ರ ಕೂರುದು, ಗಂಟೆ ನೋಡಿ. ಹುಡುಕಿ ಸಿಗದ್ದನ್ನ ಅಲ್ಲಿನ ಹುಡುಗರ ಹತ್ರ ಕೇಳಿ, ಆ ರಾಶಿಯಿಂದ ಅವ್ರು ಎಳೆದು ಕೊಡುವ ಸ್ಪೀಡು ನೋಡ್ಲಿಕ್ಕೇ ಚೆಂದ. ಹೊಸದು, ಹಳೇದು ಒಟ್ಟೊಟ್ಟಿಗೇ ಇರ್ತದೆ, ಹಾಗಾಗಿ ಹೊಸ ಕಾಪಿ ಕೈಯಲ್ಲಿ ಹಿಡ್ದು 'ಇದ್ರದ್ದು ಸೆಕೆಂಡ್ಸ್ ಉಂಟಾ' ಅಂತ ಕೇಳುದು ಅಭ್ಯಾಸ ಮಾಡ್ಕೊಳ್ಳಿ. ರೇಟು ಬರೆದಿರ್ತದೆ, ಇಲ್ಲಿ ಚೌಕಾಸಿ ಬೇಡ.

ನಿಮ್ಮ ಹತ್ರ ಒಳ್ಳೆ ಕಂಡೀಶನಿನ ಇಂಗ್ಲಿಷ್ ಪುಸ್ತಕ ಓದಿ ಮುಗಿಸಿದ್ದು ಇದ್ರೆ ಅದನ್ನೂ ಹಿಡ್ಕೊಂಡು ಹೋಗ್ಬಹುದು, ಬ್ಲಾಸಮ್, ಬುಕ್‌ವರ್ಮ್ ಇಬ್ರೂ ಹಳೇ ಪುಸ್ತಕ ತಗೊಳ್ತಾರೆ. ಎಲ್ಲವನ್ನೂ ಅಲ್ಲ, ಅವ್ರಿಗೆ ಬೇಕಾದ್ದು ಮಾತ್ರ. ಮೊದ್ಲೇ ಫೋನಲ್ಲಿ ಕೇಳಿ, ಇಲ್ಲದ್ರೆ ಮಂಗ್ಳೂರಿಂದ ಹೊತ್ತದ್ದನ್ನ ಪುನಃ ಮಂಗ್ಳೂರಿಗೇ ಹೊರ್ಬೇಕಾಗ್ತದೆ.

ಬಿಲ್ಲಿಂಗಿಗೆ ಮುಂಚೆ ಒಂದು ಕೆಲಸ. ಆರಿಸಿದ್ದನ್ನೆಲ್ಲ ಒಂದು ಮೂಲೆಯಲ್ಲಿ ಪೇರಿಸಿ, ಒಂದೊಂದನ್ನೇ ಎತ್ತಿ, ಈ ಮಳೆಗಾಲದೊಳಗೆ ಓದ್ತೇನಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಮುಂದಿನ ಮಳೆಗಾಲ ಅಂತ ಉತ್ತರ ಬಂದ್ರೆ ವಾಪಸ್ ಇಡಿ. ನಾನು ಕಳೆದ ಸಲ 14ರಲ್ಲಿ 9 ವಾಪಸ್ ಇಟ್ಟೆ, ಆಮೇಲೆ ಬಾಗ್ಲ ತನಕ ಹೋಗಿ ತಿರುಗಿ ಬಂದು 2 ತಗೊಂಡೆ, ಅದು ಬೇರೆ ವಿಷ್ಯ.

ಬುಕ್‌ಹೈವ್ ಸಣ್ಣದು, ಹತ್ತು ನಿಮಿಷ ಸಾಕು, ಆದ್ರೆ ಬಿಡ್ಬೇಡಿ. ಎಂ.ಜಿ. ರೋಡಿನ ಹಿಗಿನ್‌ಬಾಥಮ್ಸ್ ಅಂಗಡಿಯ ಕಟ್ಟಡ ನೋಡ್ಲಿಕ್ಕಾದ್ರೂ ಒಂದು ಸಲ ಹೋಗಿ, 1905ರಿಂದ ಅಲ್ಲಿ ಉಂಟು. ಹಳಬ್ರು ಯಾರಾದ್ರೂ ಜೊತೆಗಿದ್ರೆ ಪ್ರೀಮಿಯರ್ ಬುಕ್‌ಶಾಪ್ ಎಲ್ಲಿತ್ತು ಅಂತ ಕೇಳಿ. ಟಿ.ಎಸ್. ಶಾನುಭಾಗರು 1971ರಿಂದ 2009ರ ತನಕ ನಡೆಸಿದ ಅಂಗಡಿ. ಗೋಡೆ ಹಾಗೆ ಪೇರಿಸಿದ ಪುಸ್ತಕದ ನಡುವಿಂದ ಕೇಳಿದ್ದನ್ನ ಎಳೆದು ಕೊಡ್ತಿದ್ರು, ಮತ್ತೆ ಬಿಲ್ಲಲ್ಲಿ ತಾವೇ ಡಿಸ್ಕೌಂಟ್ ಹಾಕ್ತಿದ್ರು.

ಸೆಲೆಕ್ಟ್‌ಗೆ ಹೋಗುವ ಮುಂಚೆ

ಬ್ರಿಗೇಡ್ ರೋಡಿನ ಅಡ್ಡರಸ್ತೆಯ ಒಳಗೆ ಸೆಲೆಕ್ಟ್ ಬುಕ್ ಶಾಪ್, 1945ರದ್ದು. ಇದು ಟೈಮ್‌ಪಾಸ್ ಅಂಗಡಿ ಅಲ್ಲ, ಅಪರೂಪದ ಹಳೇ ಪುಸ್ತಕ, ನಕ್ಷೆ, ಇಂಥದ್ದು. ಹೋಗುವ ದಿನ ತೆರೆದಿರ್ತದಾ ಅಂತ ಫೋನ್ ಮಾಡಿ. ಸುಮ್ನೆ ಒಳಗೆ ಹೋಗಿ ನಿಂತ್ರೆ ಎಂತ ಕೇಳ್ಬೇಕು ಅಂತಲೇ ಗೊತ್ತಾಗುದಿಲ್ಲ, ಹಾಗಾಗಿ ಒಂದು ವಿಷಯ ಹಿಡ್ಕೊಂಡು ಹೋಗಿ.

ನಮ್ಮ ಕಡೆಯವ್ರಿಗೆ ವಿಷಯಕ್ಕೆ ಬರ ಇಲ್ಲ. ಬಾಸೆಲ್ ಮಿಷನ್‌ನವ್ರು 1841ರಲ್ಲಿ ಬಲ್ಮಠದಲ್ಲಿ ಪ್ರೆಸ್ ಹಾಕಿದ್ರು, 1843ರಲ್ಲಿ ಮಂಗಳೂರ ಸಮಾಚಾರ ಹೊರಟದ್ದು ಅಲ್ಲಿಂದ, ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಅದೇ ಪ್ರೆಸ್ಸಲ್ಲಿ. ಅದೇ 1894ರಲ್ಲಿ ಸ್ಟರಕ್ ಬರೆದ ಸೌತ್ ಕೆನರಾ ಮ್ಯಾನ್ಯುವಲ್, ಅಂದ್ರೆ ನಮ್ಮ ಜಿಲ್ಲೆಯ ಬಗ್ಗೆ ಆಗಿನ ಸರ್ಕಾರದ ಕೈಪಿಡಿ, ಮದ್ರಾಸಲ್ಲಿ ಬಂತು. 'ಬಾಸೆಲ್ ಮಿಷನ್ ಪ್ರೆಸ್, ಮಂಗಳೂರು ಅಂತ ಇರುವಂಥದ್ದು ಎಂತಾದ್ರೂ ಉಂಟಾ' ಅಂತ ಕೇಳುದೇ ನನ್ನ ಪ್ರಶ್ನೆ. ಪ್ರತಿ ಸಲ ಇರುದಿಲ್ಲ. ಬಲ್ಮಠದ ಗುಡ್ಡೆಯಲ್ಲಿ ಅಚ್ಚಾದ್ದನ್ನ ಬಲ್ಮಠದಿಂದ 350 ಕಿಲೋಮೀಟರ್ ಹೋಗಿ ಹುಡುಕುದು ಹುಚ್ಚು ಅಂತ ನಂಗೂ ಗೊತ್ತು, ಆದ್ರೆ ಇಲ್ಲಿ ಮನೆಯ ಅಟ್ಟದಲ್ಲಿ ಇದ್ದದ್ದೆಲ್ಲ ಬೂಷ್ಟು ಹಿಡ್ದು, ಒರಲೆ ತಿಂದು ಹೋಗಿದೆ, ಘಟ್ಟದ ಮೇಲಿನ ಒಣ ಹವೆಯಲ್ಲಿ ಉಳ್ಕೊಂಡಿದೆ.

ಹಳೇ ಪುಸ್ತಕಕ್ಕೆ ದೊಡ್ಡ ದುಡ್ಡು ಕೊಡುವ ಮುಂಚೆ ನೋಡ್ಬೇಕಾದ್ದು: ಮೊದಲ ಪುಟ ಮತ್ತೆ ಕೊನೆಯ ಪುಟ ಉಂಟಾ, ಪುಟಸಂಖ್ಯೆ ಎಲ್ಲಾದ್ರೂ ಹಾರಿದೆಯಾ, ಮಡಚಿದ ನಕ್ಷೆ ಹರಿದು ತೆಗೆದಿದ್ದಾರಾ. ಹುಳದ ತೂತು ಹಳೇದಾದ್ರೆ ಪರ್ವಾಗಿಲ್ಲ, ಪುಸ್ತಕ ತಟ್ಟಿದಾಗ ಹೊಸ ಪುಡಿ ಉದುರಿದ್ರೆ ಹುಳ ಒಳಗೇ ಉಂಟು, ಬಿಟ್ಬಿಡಿ, ಮನೆಯ ಕಪಾಟಿಗೆಲ್ಲ ಹಬ್ಬುತ್ತದೆ. ಬರೀ ಓದ್ಲಿಕ್ಕೆ ಬೇಕಾದ್ದಾದ್ರೆ ಇಂಟರ್‌ನೆಟ್ ಆರ್ಕೈವಲ್ಲಿ ಸ್ಕ್ಯಾನ್ ಉಂಟಾ ಅಂತ ಅಲ್ಲೇ ನಿಂತು ಮೊಬೈಲಲ್ಲಿ ನೋಡಿ. ಕಿಟ್ಟೆಲ್ ಉಂಟು, ಫ್ರೀ.

ಎರಡು ದಿನ ಇರುವವ್ರು ವಸಂತನಗರದ ಚಂಪಕಾಕ್ಕೆ ಹೋಗಿ, ಮಾಳಿಗೆ ಮೇಲೆ, ಕಾಫಿ ಕುಡೀತಾ ಕೂರ್ಬಹುದು. ಮಕ್ಕಳಿದ್ರೆ ಕುಕ್ ಟೌನಿನ ಲೈಟ್‌ರೂಮ್, ಪೂರಾ ಮಕ್ಕಳ ಪುಸ್ತಕದ್ದೇ ಅಂಗಡಿ.

ವಾಪಸ್

ಏಳೂವರೆ ಎಂಟಕ್ಕೆ ಮೆಜೆಸ್ಟಿಕ್ ಸೇರಿ. ಬಸ್ಸಿಗೆ ಟೈಮ್ ಉಂಟು ಅಂತ ಗಾಂಧಿನಗರದ ಸಪ್ನಕ್ಕೆ ನುಗ್ಗುವ ಆಸೆ ಬರ್ತದೆ, ನಡ್ಕೊಂಡೇ ಹೋಗುವಷ್ಟು ಹತ್ರ. 1967ರಲ್ಲಿ ಶುರುವಾದ ಅಂಗಡಿ, ಈಗ ದೊಡ್ಡ ಬಿಲ್ಡಿಂಗು. ಹೋಗಿ, ಆದ್ರೆ ಬ್ಯಾಗನ್ನ ನೆನಪಿಟ್ಕೊಳ್ಳಿ.

ಭಾರ ಜಾಸ್ತಿ ಆದ್ರೆ: ಮುಂಚೆ ನಾವೆಲ್ಲ ಪೋಸ್ಟಾಫೀಸಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಮಾಡ್ತಿದ್ದೆವು, ತುಂಬಾ ಕಮ್ಮಿ ಖರ್ಚು, 2024ರ ಡಿಸೆಂಬರಲ್ಲಿ ಅದನ್ನ ನಿಲ್ಲಿಸಿಬಿಟ್ರು. 2025ರ ಮೇಯಲ್ಲಿ ಜ್ಞಾನ ಪೋಸ್ಟ್ ಅಂತ ಪುಸ್ತಕಕ್ಕೆ ಇನ್ನೊಂದು ಕಮ್ಮಿ ರೇಟಿನ ಸೇವೆ ಶುರು ಮಾಡಿದ್ರು, ನಿಮ್ಮ ಪುಸ್ತಕ ಅದ್ರಲ್ಲಿ ಹೋಗ್ತದಾ ಅಂತ ಕೇಳಿ, ಇಲ್ಲದ್ರೆ ಮಾಮೂಲಿ ಪಾರ್ಸೆಲ್ ರೇಟೇ ಕೊಡ್ಬೇಕು. ಕೆಎಸ್ಸಾರ್ಟಿಸಿಯ ನಮ್ಮ ಕಾರ್ಗೋ ಉಂಟು, 2021ರಲ್ಲಿ ಶುರುವಾದ್ದು, ಬಸ್ಸಲ್ಲೇ ಬರ್ತದೆ, ಸ್ಟ್ಯಾಂಡಿಗೆ ಹೋಗಿ ಬಿಡಿಸ್ಕೊಳ್ಬೇಕು. ರಟ್ಟಿನ ಬಾಕ್ಸಿನ ಒಳಗೆ ಪ್ಲಾಸ್ಟಿಕ್ ಶೀಟ್ ಸುತ್ತಿ, ಮೂಲೆಗೆ ಪೇಪರ್ ತುರುಕಿ, ಪುಸ್ತಕ ಮಲಗಿಸಿ ಇಡಿ, ನಿಲ್ಲಿಸಿದ್ರೆ ಬೈಂಡಿಂಗ್ ಸೋಲ್ತದೆ.

ಮನೆಗೆ ಬಂದ ಕೂಡ್ಲೇ ಪ್ಲಾಸ್ಟಿಕ್ಕಿಂದ ಹೊರಗೆ ತೆಗೀರಿ. ಹಳೇ ಪುಸ್ತಕವನ್ನ ಎರಡು ದಿನ ಫ್ಯಾನಿನ ಗಾಳಿಗೆ ಬೇರೆ ಇಡಿ, ಬಿಸಿಲಿಗೆ ಬೇಡ, ರಟ್ಟು ಸೊಟ್ಟ ಆಗ್ತದೆ. ಹುಳ ಇಲ್ಲ ಅಂತ ಖಾತ್ರಿ ಆದ್ಮೇಲೆ ಕಪಾಟಿಗೆ. ಕಪಾಟು ಮಳೆ ಹೊಡೆಯುವ ಪಡುಗೋಡೆಗೆ ಅಂಟಿ ಇರ್ಬಾರ್ದು, ನಾಲ್ಕು ಬೆರಳು ಜಾಗ ಬಿಡಿ, ಪುಸ್ತಕವನ್ನೂ ಇಕ್ಕಟ್ಟಾಗಿ ತುರುಕ್ಬೇಡಿ. ಮತ್ತೆ ಬಿಲ್ಲನ್ನ ಪುಸ್ತಕದ ಒಳಗೆ ಬುಕ್‌ಮಾರ್ಕ್ ಅಂತ ಇಟ್ಟು ಮರೀಬೇಡಿ, ನಮ್ಮ ಮನೆಯಲ್ಲಿ ಕಪಾಟು ಒರೆಸುವವ್ರು ನಾನಲ್ಲ.